ನಂದಿಯ ನೂಕುನುಗ್ಗಲು ಆವಲಬೆಟ್ಟ ಹತ್ತುವ ಮುನ್ನ

ಮಳೆಗಾಲ ಮುಗಿಯುತ್ತಾ ಬಂತು. ಇನ್ನು ಕೆಲವೇ ವಾರಗಳಲ್ಲಿ ನಂದಿ ಸಾಲಿನ ಬೆಟ್ಟಗಳಿಗೆ ಬೆಳಗಿನ ಜಾವದ ಮಂಜು ಇಳಿಯುತ್ತದೆ. ಅದರ ಬೆನ್ನಿಗೇ ಬೆಂಗಳೂರಿನ ಕಾಲೇಜು, ಹಾಸ್ಟೆಲು, ಪಿಜಿಗಳಿಂದ ಶನಿವಾರ ನಡುರಾತ್ರಿ ಹೊರಡುವ ಬೈಕು-ಕಾರುಗಳ ಸಾಲೂ ಬರುತ್ತದೆ. ನಂದಿ ಬೆಟ್ಟಕ್ಕೆ ಇದೇನೂ ಹೊಸದಲ್ಲ. ಅಲ್ಲಿ ಪೆಟ್ಟು ತಿಂದು ಪಾಠ ಕಲಿತಿದ್ದೇವೆ. ಗೇಟು, ಟಿಕೆಟ್ಟು, ಪೊಲೀಸು, ಕಸದ ಗಾಡಿ ಎಂದು ವ್ಯವಸ್ಥೆ ಕುಂಟುತ್ತಲಾದರೂ ನಡೆದಿದೆ. ನಮ್ಮ ಆತಂಕ ಬೇರೆಯದು. ಅದೇ ಜನ ಈಗ ಗೌರಿಬಿದನೂರು ಕಡೆಯ ಆವಲಬೆಟ್ಟಕ್ಕೆ, ಚಿಂತಾಮಣಿ ಕಡೆಯ ಕೈಲಾಸಗಿರಿ-ಅಂಬಾಜಿದುರ್ಗಕ್ಕೆ, ಶಿಡ್ಲಘಟ್ಟದ ತಲಕಾಯಲಬೆಟ್ಟಕ್ಕೆ ದಾರಿ ಹುಡುಕಿಕೊಂಡಿದ್ದಾರೆ. ಅಲ್ಲಿ ಅವರನ್ನು ಎದುರುಗೊಳ್ಳಲು ಬೇಕಾದ ತಯಾರಿ ಇಲ್ಲ. ನಂದಿಯ ತಪ್ಪುಗಳು ಈ ಬೆಟ್ಟಗಳಲ್ಲಿ ಮರುಕಳಿಸುವ ಮೊದಲು ಚಿಕ್ಕಬಳ್ಳಾಪುರ ಜಿಲ್ಲಾಡಳಿತ ಎಚ್ಚೆತ್ತುಕೊಳ್ಳಬೇಕು. ಕಾಲ ಇನ್ನೂ ಮಿಂಚಿಲ್ಲ.

ಬರುವವರನ್ನು ದೂರಲು ಹೊರಟಿಲ್ಲ. ಆರು ದಿನ ತರಗತಿ, ಲ್ಯಾಬು, ಟ್ರಾಫಿಕ್ಕಿನಲ್ಲಿ ಬೆಂದ ಹತ್ತೊಂಬತ್ತು-ಇಪ್ಪತ್ತರ ಹುಡುಗ ಹುಡುಗಿಯರು ನಾಲ್ಕು ಜನ ಸೇರಿ, ಪೆಟ್ರೋಲಿನ ದುಡ್ಡು ಹಂಚಿಕೊಂಡು, ಸೂರ್ಯ ಹುಟ್ಟುವುದನ್ನು ನೋಡಲು ಹೊರಡುತ್ತಾರೆ. ಕಲಬುರಗಿಯಿಂದ, ಕೇರಳದಿಂದ, ಬಿಹಾರದಿಂದ ಓದಲು ಬಂದ ಮಕ್ಕಳಿಗೆ ಈ ರಾಜ್ಯದಲ್ಲಿ ಕಂಡ ಮೊದಲ ಬೆಟ್ಟ ನಂದಿಯೇ ಇರಬಹುದು. ನಮ್ಮ ಚಿಂತಾಮಣಿ, ಶಿಡ್ಲಘಟ್ಟದ ಮನೆಗಳಿಂದ ಬೆಂಗಳೂರಿಗೆ ಓದಲು ಹೋದವರೂ ಆ ಗುಂಪಿನಲ್ಲಿರುತ್ತಾರೆ. ಸ್ನೇಹಿತರ ಜೊತೆ ಊರು ಸುತ್ತುವುದು ಆ ವಯಸ್ಸಿನ ಹಕ್ಕು. ಪಾಠದ ಪುಸ್ತಕ ಕಲಿಸದ್ದನ್ನು ಅದು ಕಲಿಸುತ್ತದೆ. ಹಾಗೆ ಹೊರಟವರು ಹೋದ ಹಾಗೇ ವಾಪಸು ಬರಬೇಕು, ಅವರು ಹೋದ ಊರೂ ನೆಮ್ಮದಿಯಾಗಿರಬೇಕು. ನಮ್ಮ ಕಾಳಜಿ ಅಷ್ಟೇ.

ನಂದಿಯಲ್ಲಿ ಆದದ್ದನ್ನು ಒಮ್ಮೆ ನೆನಪಿಸಿಕೊಳ್ಳೋಣ. 2021ರ ಜುಲೈನಲ್ಲಿ ಕೋವಿಡ್ ನಿರ್ಬಂಧ ಸಡಿಲವಾದದ್ದೇ ತಡ, ಭಾನುವಾರಗಳಂದು ಬೆಟ್ಟದ ದಾರಿ ವಾಹನಗಳಿಂದ ಕಟ್ಟಿಕೊಂಡಿತು. ಜಿಲ್ಲಾಡಳಿತ ವಾರಾಂತ್ಯದ ಪ್ರವೇಶವನ್ನೇ ನಿಲ್ಲಿಸಬೇಕಾಯಿತು. ಮರು ತಿಂಗಳು, ಆಗಸ್ಟ್ 24ರ ರಾತ್ರಿ, ಭಾರಿ ಮಳೆಗೆ ಪಕ್ಕದ ಬ್ರಹ್ಮಗಿರಿ ಬೆಟ್ಟದ ಇಳಿಜಾರಿನ ಮಣ್ಣು-ಬಂಡೆ ಜಾರಿ ರಸ್ತೆ ಕೊಚ್ಚಿಹೋಯಿತು. ಮೇಲೆ ತಂಗಿದ್ದವರು ಸಿಕ್ಕಿಹಾಕಿಕೊಂಡರು. ಬೆಟ್ಟ ಮತ್ತೆ ಪ್ರವಾಸಿಗರಿಗೆ ತೆರೆದದ್ದು ಡಿಸೆಂಬರ್ 1ಕ್ಕೆ. 2022ರ ಫೆಬ್ರವರಿ 20, ಅದೂ ಭಾನುವಾರವೇ, ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬ ಬ್ರಹ್ಮಗಿರಿಯ ಬಂಡೆಗಳಿಂದ ಜಾರಿ ನೂರಾರು ಅಡಿ ಕೆಳಗಿನ ಕಲ್ಲಂಚಿನಲ್ಲಿ ಸಿಕ್ಕಿಕೊಂಡ. ಯಲಹಂಕ ವಾಯುನೆಲೆಯಿಂದ ವಾಯುಪಡೆಯ ಹೆಲಿಕಾಪ್ಟರ್ ಬಂದು ಅವನನ್ನು ಮೇಲೆತ್ತಿತು. ಅದೇ ಮೇ ತಿಂಗಳಲ್ಲಿ ಚಿಕ್ಕಬಳ್ಳಾಪುರದ ಬಳಿಯ ಶ್ರೀನಿವಾಸ ಸಾಗರದಲ್ಲಿ, ನೀರು ಇಳಿಯುತ್ತಿದ್ದ ಅಣೆಕಟ್ಟೆಯ ಗೋಡೆ ಹತ್ತಲು ಹೋದ ಯುವಕ ಅರ್ಧ ದಾರಿಯಿಂದ ಕೆಳಗೆ ಬಿದ್ದ. ಕೆಳಗಿದ್ದವರು ಅದನ್ನು ಮೊಬೈಲಿನಲ್ಲಿ ಹಿಡಿದರು, ರಾಜ್ಯವೆಲ್ಲ ನೋಡಿತು.

ಬ್ರಹ್ಮಗಿರಿಯ ಆ ವಿದ್ಯಾರ್ಥಿ ಉಳಿದದ್ದಕ್ಕೆ ಕಾರಣಗಳಿದ್ದವು. ಅವನ ಮೊಬೈಲಿಗೆ ಸಿಗ್ನಲ್ ಇತ್ತು, ನಂದಿಯ ಹೆಸರು ಎಲ್ಲರಿಗೂ ಗೊತ್ತಿತ್ತು, ಪೊಲೀಸರು ಬೇಗ ಬಂದರು, ವಾಯುನೆಲೆ ಹತ್ತಿರವಿತ್ತು. ಇದೇ ಅವಘಡ ಆವಲಬೆಟ್ಟದಲ್ಲಿ ಆಗಿದ್ದರೆ? ಕಣಿವೆಯ ಮೇಲೆ ಚಾಚಿಕೊಂಡ ಅಲ್ಲಿನ ಬಂಡೆಯನ್ನು ಈಗ ರೀಲ್ಸ್ ನೋಡುವ ಮಕ್ಕಳೆಲ್ಲ ಬಲ್ಲರು. ಮೇಲೆ ಲಕ್ಷ್ಮೀನರಸಿಂಹನ ಗುಡಿ. ವರ್ಷಗಟ್ಟಲೆ ಅಲ್ಲಿಗೆ ಬರುತ್ತಿದ್ದವರು ಮಂಚೇನಹಳ್ಳಿ, ಗೌರಿಬಿದನೂರು ಸುತ್ತಿನ ಒಕ್ಕಲು ಮನೆಯವರು. ಮುಡಿ ಕೊಡಲು, ಹರಕೆ ತೀರಿಸಲು ಬಂದು ಮಧ್ಯಾಹ್ನಕ್ಕೆ ಇಳಿದುಹೋಗುವವರು. ಈಗ ಆ ಬಂಡೆಯ ತುದಿಗೆ ಒಬ್ಬೊಬ್ಬರಾಗಿ ಹೋಗಿ ಕೈ ಚಾಚಿ ನಿಲ್ಲುವುದು, ಇನ್ನೊಂದು ಬಂಡೆಯಿಂದ ಗೆಳೆಯ ಫೋಟೊ ತೆಗೆಯುವುದು, ಹಿಂದೆ ನಿಂತವರು "ಬೇಗ ಮುಗಿಸ್ರೋ" ಎಂದು ಕೂಗುವುದು. ರಾತ್ರಿಯ ಇಬ್ಬನಿಗೆ ಕಲ್ಲು ಜಾರುತ್ತದೆ. ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ನಿಂತವನಿಗೆ ಹಿಂದೆ ಸರಿಯಲು ಜಾಗವಿಲ್ಲ. ಏನಾದರೂ ಆದರೆ ಮೊದಲು ಓಡಿಬರುವವರು ಪೂಜೆಯವರು ಮತ್ತು ಕುರಿ ಮೇಯಿಸುವವರು. ಅವರ ಕೈಯಲ್ಲಿ ಹಗ್ಗವಿಲ್ಲ, ಸ್ಟ್ರೆಚರ್ ಇಲ್ಲ.

ಒಂದು ಕಡೆ ಬಾಗಿಲು ಹಾಕಿದರೆ ಜನ ಇನ್ನೊಂದು ಕಡೆ ಹೋಗುತ್ತಾರೆಂಬುದು ಇಡೀ ರಾಜ್ಯ ಕಂಡ ಮಾತು. 2024ರ ಜನವರಿ ಕೊನೆಯಲ್ಲಿ ಸಾಲು ರಜೆಗೆ ಕುಮಾರಪರ್ವತದಲ್ಲಿ ಸಾವಿರಾರು ಚಾರಣಿಗರು ನೆರೆದ ಚಿತ್ರ ನೋಡಿ ಅರಣ್ಯ ಇಲಾಖೆ ಬೆಚ್ಚಿತು. ಆನ್‌ಲೈನ್ ಬುಕಿಂಗ್ ಇಲ್ಲದ ದಾರಿಗಳಲ್ಲಿ ಚಾರಣ ನಿಲ್ಲಿಸಿ, ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿ ತಂದು, ಅದೇ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಎಂಬ ಬುಕಿಂಗ್ ತಾಣ ತೆರೆಯಿತು. ಒಳ್ಳೆಯ ಕ್ರಮ. ಕಳವಾರ ಗ್ರಾಮದ ಪಕ್ಕದ ಸ್ಕಂದಗಿರಿಯಲ್ಲಿ ರಾತ್ರಿ ಚಾರಣದ ಹುಚ್ಚು ಹಿಡಿದಿದ್ದ ಕಾಲ ನೆನಪಿರುವವರಿಗೆ ಇದರ ಬೆಲೆ ಗೊತ್ತು. ಆದರೆ ಟಿಕೆಟು ಸಿಗದ ಐದು ಜನ ಶನಿವಾರ ರಾತ್ರಿ ಮನೆಯಲ್ಲಿ ಮಲಗುವುದಿಲ್ಲ. ಬುಕಿಂಗ್ ಬೇಡದ ಇನ್ನೊಂದು ಬೆಟ್ಟವನ್ನು ಫೋನಿನಲ್ಲಿ ಹುಡುಕುತ್ತಾರೆ. ಹಾಗೆ ಹುಡುಕಿದಾಗ ಸಿಗುವುದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಬೆಟ್ಟಗಳು. ಎಲ್ಲವೂ ಬೆಂಗಳೂರಿಗೆ ನೂರು ಕಿಲೋಮೀಟರಿನ ಒಳಗೆ.

ಆಕರ್ಷಣೆಯೂ ದಿನೇ ದಿನೇ ಹೆಚ್ಚುತ್ತಿದೆ. 2023ರ ಜನವರಿ 15ರಂದು ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಪ್ರತಿಮೆ ಅನಾವರಣಗೊಂಡ ಮೇಲೆ, ಬೆಳಗ್ಗೆ ಮಾತ್ರ ಇದ್ದ ವಾರಾಂತ್ಯದ ದಟ್ಟಣೆ ಸಂಜೆಗೂ ಬಂತು. ಅದೇ ಮಾರ್ಚ್‌ನಲ್ಲಿ ನಂದಿಗೆ ಸುಮಾರು 93 ಕೋಟಿ ರೂಪಾಯಿಯ ರೋಪ್‌ವೇಗೆ ಶಂಕುಸ್ಥಾಪನೆಯಾಯಿತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೊಸ ವರ್ತುಲ ರಸ್ತೆ ತೆರೆದು ಬೆಂಗಳೂರಿನ ಒಳಗೆ ಕಾಲಿಡದೆಯೇ ಈ ಕಡೆ ಬರುವುದು ಸಲೀಸಾಗಿದೆ. ಬೆಟ್ಟದ ಬುಡದ ದ್ರಾಕ್ಷಿ ತೋಟಗಳ ಪಕ್ಕ ರೆಸಾರ್ಟು, ಫಾರ್ಮ್ ಸ್ಟೇ, ಲೇಔಟುಗಳ ಫಲಕಗಳು ಎದ್ದಿವೆ.

ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಜಾಲವಿದೆ. 1960ರ ದಶಕದಿಂದಲೂ ಅದು ಸಾವಿರಾರು ಮೈಲಿ ಆಚೆಯ ಸಣ್ಣ ನಡುಕವನ್ನೂ ಗುರುತಿಸುತ್ತಾ ಬಂದಿದೆ. ನೆಲದೊಳಗಿನ ನಡುಕಕ್ಕೆ ಅಷ್ಟು ಕಿವಿಗೊಡುವ ತಾಲ್ಲೂಕಿನಲ್ಲಿ ನೆಲದ ಮೇಲಿನ ಈ ದಟ್ಟಣೆಯ ಲಕ್ಷಣಗಳು ಯಾರ ಲೆಕ್ಕಕ್ಕೂ ಸಿಗುತ್ತಿಲ್ಲ. ಭಾನುವಾರ ಆವಲಬೆಟ್ಟಕ್ಕೆ ಎಷ್ಟು ಗಾಡಿ ಹತ್ತುತ್ತವೆಂದು ಎಣಿಸುವುದು ಕಷ್ಟದ ಕೆಲಸವಲ್ಲ. ಒಬ್ಬ ಹೋಮ್‌ಗಾರ್ಡ್, ಒಂದು ನೋಟ್‌ಬುಕ್ ಸಾಕು. ಆ ಎಣಿಕೆ ಈ ತಿಂಗಳಿಂದಲೇ ಆರಂಭವಾಗಬೇಕು.

ಬೆಟ್ಟಕ್ಕಿಂತ ದೊಡ್ಡ ಅಪಾಯ ದಾರಿಯಲ್ಲಿದೆ. ಸೂರ್ಯೋದಯ ನೋಡಬೇಕೆಂದರೆ ಬೆಂಗಳೂರು ಬಿಡಬೇಕಾದದ್ದು ಮೂರು, ಮೂರೂವರೆಗೆ. ಬಹುಮಂದಿ ಮಲಗಿರುವುದಿಲ್ಲ. ಹೆಬ್ಬಾಳ ದಾಟಿದ ಮೇಲೆ ರಸ್ತೆ ಅಗಲ, ಖಾಲಿ, ನುಣುಪು. ಕೈ ತಾನಾಗಿ ಆಕ್ಸಿಲರೇಟರ್ ತಿರುಗಿಸುತ್ತದೆ. ದೇವನಹಳ್ಳಿಯ ರಾಣಿ ಕ್ರಾಸ್ ದಾಟಿ ಮುಂದೆ ಹೋದಂತೆ ಮಂಜು ಒಮ್ಮೆಲೇ ಕವಿಯುತ್ತದೆ. ಹೆಲ್ಮೆಟ್ಟಿನ ಗಾಜಿನ ಮೇಲೆ ಹನಿ ಕೂರುತ್ತದೆ, ಒರೆಸಿದರೆ ಇನ್ನೂ ಮಸುಕಾಗುತ್ತದೆ, ಮೇಲೆತ್ತಿದರೆ ಕಣ್ಣು ಕೊರೆಯುತ್ತದೆ. ಅದೇ ಹೊತ್ತಿಗೆ ಎದುರಿನಿಂದ, ಅಡ್ಡರಸ್ತೆಗಳಿಂದ, ನಮ್ಮ ರೈತರು ಹೊರಟಿರುತ್ತಾರೆ. ಟಿವಿಎಸ್ ಎಕ್ಸೆಲ್ ಮೇಲೆ ಹಿಂದೆ ಎರಡು ಮೂಟೆ ಸೇವಂತಿಗೆ, ಮುಂದೆ ಕಾಲಿನ ಮಧ್ಯೆ ಇನ್ನೊಂದು ಮೂಟೆ ಗುಲಾಬಿ. ಹೂವಿನ ಹರಾಜು ಬೆಳಕು ಹರಿಯುವ ಮೊದಲೇ ಆರಂಭವಾಗುತ್ತದೆ. ತಡವಾದರೆ ರೇಟು ಬಿತ್ತೆಂದೇ ಲೆಕ್ಕ. ಮೂಟೆಗಳು ಹಿಂದಿನ ದೀಪವನ್ನು ಮುಚ್ಚಿರುತ್ತವೆ. ಶಿಡ್ಲಘಟ್ಟದ ಕಡೆ ರೇಷ್ಮೆಗೂಡಿನ ಆಟೊಗಳು, ಚಿಂತಾಮಣಿಯ ಕಡೆ ಟೊಮೆಟೊ ಕ್ರೇಟುಗಳ ಟೆಂಪೊಗಳು. ಒಬ್ಬರಿಗೆ ವಾರಕ್ಕೊಮ್ಮೆ ಸಿಗುವ ಬಿಡುವಿನ ದಾರಿ, ಇನ್ನೊಬ್ಬರಿಗೆ ದಿನನಿತ್ಯದ ಹೊಟ್ಟೆಪಾಡಿನ ದಾರಿ. ಎರಡೂ ಸೇರುವುದು ಕಣ್ಣಿಗೆ ಹತ್ತು ಮಾರು ಮಾತ್ರ ಕಾಣುವ ಹೊತ್ತಿನಲ್ಲಿ.

ಈ ಹೆದ್ದಾರಿಯಲ್ಲಿ ಮಂಜು ಏನು ಮಾಡಬಲ್ಲದೆಂದು ಚಿಕ್ಕಬಳ್ಳಾಪುರ ಮರೆತಿಲ್ಲ. 2023ರ ಅಕ್ಟೋಬರ್ 26ರ ಬೆಳಗ್ಗೆ ಚಿತ್ರಾವತಿಯ ಬಳಿ, ನಿಂತಿದ್ದ ಟ್ಯಾಂಕರ್‌ಗೆ ಹಿಂದಿನಿಂದ ಟಾಟಾ ಸುಮೊ ಗುದ್ದಿ 13 ಜನ ತೀರಿಕೊಂಡರು. ಅವರು ಪ್ರವಾಸಿಗರಾಗಿರಲಿಲ್ಲ, ದುಡಿಯಲು ಹೊರಟವರು. ವಾಹನದ ಗಾತ್ರವೂ ಅಲ್ಲಿ ನೆರವಿಗೆ ಬರಲಿಲ್ಲ. ರಾತ್ರಿಯಿಡೀ ಎಚ್ಚರಿದ್ದ, ಈ ದಾರಿಯ ಪರಿಚಯವಿಲ್ಲದ, ಹಿಂದೆ ಒಬ್ಬ ಗೆಳೆಯನನ್ನು ಕೂರಿಸಿಕೊಂಡ ಹುಡುಗನಿಗೆ ಆ ಕ್ಷಣ ಎದುರಾದರೆ ಏನಾಗಬಹುದೆಂದು ಯೋಚಿಸಲೇ ಭಯವಾಗುತ್ತದೆ. ಇದರ ಜೊತೆಗೆ ವೀಲಿ ಮಾಡುವವರ ಕಾಟ. ಪೊಲೀಸರು ಆಗಾಗ ಬೈಕು ಹಿಡಿಯುತ್ತಾರೆ, ಕೇಸು ಹಾಕುತ್ತಾರೆ. ಮುಂದಿನ ವಾರ ಬೇರೆ ಬೈಕು ಬರುತ್ತದೆ.

ಯೂರೋಪಿನಲ್ಲಿ ಓದುವ ನಮ್ಮ ಜಿಲ್ಲೆಯ ಮಕ್ಕಳ ವಾರಾಂತ್ಯವನ್ನು ಇದರ ಪಕ್ಕ ಇಟ್ಟು ನೋಡಬೇಕು. ಜರ್ಮನಿಯಲ್ಲಿ ಎಂಎಸ್ ಮಾಡುವ ಮಗಳು ಶನಿವಾರ ಪ್ರಾಗ್‌ನಲ್ಲಿ, ಮುಂದಿನ ತಿಂಗಳು ಸಾಲ್ಜ್‌ಬರ್ಗ್‌ನಲ್ಲಿ ಗೆಳತಿಯರ ಜೊತೆ ನಿಂತ ಫೋಟೊ ಮನೆಯ ವಾಟ್ಸಾಪ್ ಗುಂಪಿಗೆ ಬಂದರೆ ಇಲ್ಲಿ ಅಪ್ಪ-ಅಮ್ಮ ನೆಮ್ಮದಿಯಾಗಿ ಮಲಗುತ್ತಾರೆ. ಅಲ್ಲಿ ಅವಳ ಪ್ರಯಾಣ ನಡೆಯುವುದು ರೈಲಿನಲ್ಲಿ, ರಾತ್ರಿ ಬಸ್ಸಿನಲ್ಲಿ. 2023ರ ಮೇ 1ರಿಂದ ಜರ್ಮನಿ ತಿಂಗಳಿಗೆ 49 ಯೂರೋಗೆ ದೇಶದ ಎಲ್ಲ ಸ್ಥಳೀಯ, ಪ್ರಾದೇಶಿಕ ರೈಲು-ಬಸ್ಸುಗಳಲ್ಲಿ ಓಡಾಡುವ ಟಿಕೆಟು ಕೊಟ್ಟಿತು. ಆಮೇಲೆ ದರ ಏರಿದರೂ ವ್ಯವಸ್ಥೆ ಉಳಿದಿದೆ. ನಿದ್ದೆಗೆಟ್ಟ ಇಪ್ಪತ್ತರ ಹುಡುಗ ಅಲ್ಲಿ ಸೀಟಿಗೊರಗಿ ಮಲಗುತ್ತಾನೆ, ಗಾಡಿ ಓಡಿಸುವವನು ಬೇರೆ.

ಹಾಗೆಂದು ಅಲ್ಲಿನ ಊರುಗಳೆಲ್ಲ ಸುಖವಾಗಿವೆಯೆಂದಲ್ಲ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಇರುವ ಜನ ಏಳುನೂರು ಚಿಲ್ಲರೆ. ಸೀಸನ್ನಿನ ದಿನಗಳಲ್ಲಿ ಬರುವವರು ಹತ್ತು ಸಾವಿರದವರೆಗೆ. ಎಲ್ಲರೂ ಒಂದೇ ಜಾಗದಲ್ಲಿ ನಿಂತು ಸೆಲ್ಫಿ ತೆಗೆಯುತ್ತಾರೆಂದು 2023ರಲ್ಲಿ ಅಲ್ಲಿ ಮರದ ಬೇಲಿ ಹಾಕಿ ನೋಟವನ್ನೇ ಮುಚ್ಚಿದರು, ಟೀಕೆ ಬಂದ ಮೇಲೆ ತೆಗೆದರು. ಅದೇ ಆಗಸ್ಟ್‌ನಲ್ಲಿ ಊರಿನವರು ರಸ್ತೆಗಿಳಿದು ಪ್ರತಿಭಟಿಸಿದರು. ವೆನಿಸ್ 2024ರ ಏಪ್ರಿಲ್ 25ರಿಂದ ಆಯ್ದ ದಿನಗಳಲ್ಲಿ, ಬಂದು ಅದೇ ದಿನ ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ಹಾಕಿತು. ಹಣ ಬಂತು, ಜನ ಕಡಿಮೆಯಾದರೆಂದು ಹೇಳುವವರು ವಿರಳ. ಹಾಲ್‌ಸ್ಟಾಟ್‌ನ ಬೇಲಿಗಿಂತ ನಮಗೆ ಉಪಯೋಗಕ್ಕೆ ಬರುವುದು ಅವರ ಇನ್ನೊಂದು ಕ್ರಮ: ಪ್ರವಾಸಿ ಬಸ್ಸುಗಳು ಮೊದಲೇ ವೇಳೆ ಕಾದಿರಿಸಿ ಆ ವೇಳೆಗೇ ಬರಬೇಕೆಂಬ ನಿಯಮ. ಬೆಟ್ಟಕ್ಕೆ ಎಷ್ಟು ಜನ ಎನ್ನುವ ಪ್ರಶ್ನೆಗಿಂತ ಮೊದಲು ಯಾವ ಹೊತ್ತಿಗೆ, ಯಾವುದರಲ್ಲಿ ಎಂಬುದನ್ನು ಕೇಳಬೇಕು.

ನಮ್ಮಲ್ಲಿ ರೈಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಯಲಹಂಕದಿಂದ ದೇವನಹಳ್ಳಿ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೋಲಾರಕ್ಕೆ ಹಳಿಯಿದೆ. ಗೌರಿಬಿದನೂರು ಯಲಹಂಕ-ಹಿಂದೂಪುರ ಮಾರ್ಗದಲ್ಲಿದೆ. ನಾಲ್ಕೂ ಊರಿಗೆ ನಿಲ್ದಾಣವಿದೆ. ನಂದಿ ಹಾಲ್ಟ್‌ನ ನೂರು ವರ್ಷ ದಾಟಿದ ಕಟ್ಟಡವನ್ನು ಇತ್ತೀಚೆಗೆ ಚೆಂದವಾಗಿ ದುರಸ್ತಿ ಮಾಡಲಾಗಿದೆ. ಇನ್ನು ಬೇಕಾದದ್ದು ಮಂಜಿನ ನಾಲ್ಕು ತಿಂಗಳಲ್ಲಿ ಶನಿವಾರ, ಭಾನುವಾರ ಬೆಳಗಿನ ಜಾವಕ್ಕೆ ತಲುಪಿಸುವ ಒಂದು ರೈಲು, ನಿಲ್ದಾಣದ ಹೊರಗೆ ಕಾದು ನಿಲ್ಲುವ ಸರ್ಕಾರಿ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಬಸ್ಸು ಇದ್ದರೆ ವಿದ್ಯಾರ್ಥಿನಿಯರು ಬೇರೆಯವರ ಬೈಕಿನ ಹಿಂದೆ ಕೂರಬೇಕಾಗಿಲ್ಲ. ಮನೆಯವರೂ ಒಪ್ಪುತ್ತಾರೆ. ಕಾಲೇಜುಗಳೂ ಇದರಲ್ಲಿ ಕೈ ಜೋಡಿಸಬೇಕು. ಹಾಸ್ಟೆಲಿನ ಗೇಟು ಹಾಕಿ ಜವಾಬ್ದಾರಿ ಮುಗಿಯಿತೆನ್ನುವ ಬದಲು ತಿಂಗಳಿಗೊಮ್ಮೆ ಕಾಲೇಜಿನ ಬಸ್ಸನ್ನೇ ಕಳಿಸಲಿ.

ನೀರಿನ ಮಾತೂ ಇದೆ, ಅದು ನಮಗೆ ಜೀವನ್ಮರಣದ್ದು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಇದು. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಹುಟ್ಟುವುದು ಈ ಬೆಟ್ಟ ಸಾಲಿನ ಆಸುಪಾಸಿನಲ್ಲೇ, ಆದರೂ ನಮ್ಮ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ತಂದು ಕೆರೆ ತುಂಬಿಸಿಕೊಳ್ಳುತ್ತಿದ್ದೇವೆ. ಉಳಿದಿರುವ ತಿಳಿನೀರು ಬೆಟ್ಟದ ಮಡಿಲಿನದು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಕ್ಕೆ ಕುಡಿಯಲು ಕೊಡುವ ಜಕ್ಕಲಮಡಗು ತುಂಬುವುದು ಈ ಇಳಿಜಾರುಗಳಿಂದ. ಬಂಡೆ ಸಂದಿಯಲ್ಲಿ ಬಿಟ್ಟುಹೋದ ಬಾಟಲಿ, ಚಿಪ್ಸ್ ಪೊಟ್ಟಣ ಮೊದಲ ಮಳೆಗೆ ಹಳ್ಳ ಸೇರುತ್ತವೆ. ಫೆಬ್ರವರಿಯ ಒಣಹುಲ್ಲಿನಲ್ಲಿ ಚಳಿ ಕಾಯಿಸಲು ಹಾಕಿದ ಒಂದು ಬೆಂಕಿ ಇಡೀ ಮಗ್ಗುಲನ್ನು ಸುಡಬಲ್ಲದು. ಹುಲ್ಲು ಸುಟ್ಟ ಇಳಿಜಾರಿನಲ್ಲಿ ಮಳೆ ನೀರು ಇಂಗುವುದಿಲ್ಲ, ಮಣ್ಣನ್ನು ಹೊತ್ತು ಇಳಿಯುತ್ತದೆ. 2021ರಲ್ಲಿ ನಂದಿಯ ರಸ್ತೆ ಕೊಚ್ಚಿದ ಮೇಲೆ ಇಳಿಜಾರನ್ನು ಹೇಗೆ ಕಾಯಬೇಕೆಂದು ಇನ್ನೊಬ್ಬರು ನಮಗೆ ಹೇಳಿಕೊಡಬೇಕಿಲ್ಲ.

ಬೆಟ್ಟ ಕಾಯುವ ಕೆಲಸವನ್ನು ಬೆಟ್ಟದ ಬುಡದವರಿಗೇ ವಹಿಸಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ನಂದಿಯಲ್ಲಿ ತೋಟಗಾರಿಕೆ, ಪ್ರವಾಸೋದ್ಯಮ, ಅರಣ್ಯ ಎಂದು ಇಲಾಖೆಗಳು ಹಂಚಿಕೊಂಡು ನಿಂತದ್ದರಿಂದ ಸುಲ್ತಾನ್‌ಪೇಟೆಯಂಥ ಹಳ್ಳಿಗಳ ಪಾಲಿಗೆ ಉಳಿದದ್ದು ಟ್ರಾಫಿಕ್ ಮತ್ತು ಧೂಳು. ಆವಲಬೆಟ್ಟ, ಕೈಲಾಸಗಿರಿ, ತಲಕಾಯಲಬೆಟ್ಟದಲ್ಲಿ ಪಾರ್ಕಿಂಗ್ ಶುಲ್ಕವನ್ನು ಗ್ರಾಮ ಪಂಚಾಯಿತಿಯೇ ಸಂಗ್ರಹಿಸಲಿ. ಆ ಹಣದಲ್ಲಿ ಊರಿನ ನಾಲ್ವರು ಯುವಕರಿಗೆ ವಾರಾಂತ್ಯದ ಸಂಬಳ, ಅಗ್ನಿಶಾಮಕ ದಳದಿಂದ ಹಗ್ಗ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿ, ಹೆಣ್ಣುಮಕ್ಕಳಿಗೆ ಬೀಗ ಹಾಕದ, ನೀರಿರುವ ಶೌಚಾಲಯ. ಬಂಡೆಯ ತುದಿಗೆ ನೋಟಕ್ಕೆ ಅಡ್ಡಬಾರದ ಕಂಬಿ. ಬೆಳಕು ಹರಿಯುವವರೆಗೆ ವಾಹನ ಬುಡದಲ್ಲೇ ನಿಲ್ಲಲಿ. ಸ್ವಸಹಾಯ ಸಂಘದ ಹೆಂಗಸರು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾರಿದರೆ ಬಂದ ಮಕ್ಕಳಿಗೂ ಊರಿನ ರುಚಿ ಸಿಗುತ್ತದೆ.

ಜನರನ್ನು ಚದುರಿಸುವ ದಾರಿಯೂ ನಮ್ಮಲ್ಲೇ ಇದೆ. ಗೌರಿಬಿದನೂರಿಗೆ ಬಂದವರಲ್ಲಿ ಎಷ್ಟು ಮಂದಿ ವಿದುರಾಶ್ವತ್ಥ ನೋಡಿ ಹೋಗುತ್ತಾರೆ? 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಗುಂಡು ಹಾರಿದ ಆ ನೆಲದಲ್ಲಿ ಅರ್ಧ ದಿನ ಕಳೆಯುವಷ್ಟು ಇದೆ. ಬೆಟ್ಟದ ಬುಡದಲ್ಲೇ ಭೋಗನಂದೀಶ್ವರ ದೇಗುಲ, ಪಕ್ಕದಲ್ಲಿ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ, ಚಿಂತಾಮಣಿಯಲ್ಲಿ ಕೈವಾರ, ಮುರಗಮಲ್ಲದ ದರ್ಗಾ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಬಿಸಿನೀರಿನಲ್ಲಿ ಗೂಡು ಅದ್ದಿ ಎಳೆ ಹಿಡಿಯುವ ರೀಲರುಗಳ ಕೈಚಳಕವನ್ನು ಎಂಜಿನಿಯರಿಂಗ್ ಓದುವವರು ಒಮ್ಮೆ ನೋಡಬೇಕು. ಇವು ಯಾವುವೂ ಬೆಳಗಿನ ಜಾವ ಮೂರಕ್ಕೆ ಮನೆ ಬಿಡಬೇಕೆಂದು ಕೇಳುವುದಿಲ್ಲ.

ಮೊದಲ ಪರೀಕ್ಷೆ ದೂರವಿಲ್ಲ. ಪ್ರತಿ ವರ್ಷ ಡಿಸೆಂಬರ್ 31ರ ಸಂಜೆಯಿಂದ ಜನವರಿ 1ರ ಬೆಳಗಿನವರೆಗೆ ನಂದಿ ಬೆಟ್ಟಕ್ಕೆ ಪ್ರವೇಶ ನಿಷೇಧಿಸಿ ಜಿಲ್ಲಾಡಳಿತ ಆದೇಶ ಹೊರಡಿಸುತ್ತದೆ. ನಂದಿ ಉಸಿರಾಡುತ್ತದೆ, ಹೊರಟವರು ಪಕ್ಕದ ಬೆಟ್ಟಗಳಿಗೆ ಹೋಗುತ್ತಾರೆ. ಈ ಸಲದ ಆದೇಶ ಕೊನೆಯ ಗಳಿಗೆಯವರೆಗೆ ಕಾಯಬಾರದು. ಡಿಸೆಂಬರ್ ಮೊದಲ ವಾರದಲ್ಲೇ ಬರಲಿ. ಆವಲಬೆಟ್ಟ, ಅಂಬಾಜಿದುರ್ಗ, ಕೈಲಾಸಗಿರಿ, ತಲಕಾಯಲಬೆಟ್ಟ, ಶ್ರೀನಿವಾಸ ಸಾಗರದ ಹೆಸರೂ ಅದರಲ್ಲಿರಲಿ. ಪ್ರತಿಯೊಂದರ ಬುಡದಲ್ಲಿ ಆ ರಾತ್ರಿ ಯಾರು ನಿಲ್ಲುತ್ತಾರೆ, ಆಂಬುಲೆನ್ಸ್ ಎಲ್ಲಿರುತ್ತದೆ, ಯಾರ ಫೋನಿಗೆ ಕರೆ ಮಾಡಬೇಕು ಎಂಬುದನ್ನು ಬೆಂಗಳೂರಿನ ಕಾಲೇಜುಗಳ ನೋಟಿಸ್ ಬೋರ್ಡಿಗೂ ನಮ್ಮ ನಾಲ್ಕು ತಾಲ್ಲೂಕುಗಳ ಪಂಚಾಯಿತಿ ಕಚೇರಿಗೂ ಅದೇ ದಿನ ಕಳಿಸಲಿ.